ದಿಶಾಂಕ್, ಉತಾರ, ಮಾಸ್ಟರ್ ಪ್ಲಾನ್: ಪ್ಲಾಟಿನ ಮುಂದಿನ ಬಯಲು ಉಳಿಯುತ್ತದೆಯೇ ಎಂದು ತಿಳಿಯಲು ಇವು ಸಾಲುತ್ತವೆಯೇ?

ಬೆಳಗಾವಿ ಸುತ್ತ ಪ್ಲಾಟ್ ಕೊಳ್ಳುವವರು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ: ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯೇ, ಖಾತೆ ಯಾವುದು? ಪ್ಲಾಟಿನ ಆಚೆ ಕಾಣುವ ಹಸಿರು ಯಾರದು, ಅದು ಹೀಗೇ ಉಳಿಯುತ್ತದೆಯೇ ಎಂದು ಕೇಳುವವರು ಕಡಿಮೆ. "ಮುಂದೆಲ್ಲಾ ಓಪನ್ ಐತ್ರಿ, ಗಾಳಿ ಬೆಳಕಿಗೆ ಏನೂ ಅಡ್ಡಿ ಇಲ್ಲ" ಎಂದು ಏಜೆಂಟರು ಹೇಳುತ್ತಾರೆ. ಆ ಮಾತಿನ ಬೆಲೆಯೂ ರೇಟಿನೊಳಗೆ ಸೇರಿರುತ್ತದೆ. ಅದು ನಿಜವೇ ಎಂದು ಮನೆಯಲ್ಲೇ ಕೂತು ನೋಡಲು ಈಗ ಸರ್ಕಾರಿ ಸೌಲಭ್ಯಗಳಿವೆ: ದಿಶಾಂಕ್ ಆ್ಯಪ್, ಭೂಮಿ ಪೋರ್ಟಲ್‌ನ ಉತಾರ (ಪಹಣಿ), ಕಂದಾಯ ಇಲಾಖೆಯ ಗ್ರಾಮ ನಕ್ಷೆ, ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್. ಬಯಲು ಜಾಗ ಉಳಿಯುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಇವು ಎಷ್ಟು ಉತ್ತರ ಕೊಡುತ್ತವೆ ಎನ್ನುವುದು ಇಲ್ಲಿನ ವಿಮರ್ಶೆ.

ಅಂಕ ಮೊದಲೇ ಹೇಳಿಬಿಡೋಣ. ಐದಕ್ಕೆ ದಿಶಾಂಕ್ ಮೂರೂವರೆ, ಉತಾರ ನಾಲ್ಕು, ಗ್ರಾಮ ನಕ್ಷೆ ನಾಲ್ಕು, ಮಾಸ್ಟರ್ ಪ್ಲಾನ್ ಎರಡು. ತೊಂದರೆ ಏನೆಂದರೆ ಈ ನಾಲ್ಕರಲ್ಲಿ ನಿಜವಾಗಿ ತೀರ್ಮಾನ ಮಾಡುವುದು ಎರಡು ಅಂಕ ಪಡೆದದ್ದೇ.

ದಿಶಾಂಕ್ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ್ದು, ದುಡ್ಡು ಕೊಡಬೇಕಿಲ್ಲ. ಹೊಲದಲ್ಲಿ ನಿಂತು ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಅಲ್ಲಿಂದ ಹಿಸ್ಸಾ (ಸರ್ವೆ ನಂಬರಿನ ಒಳಪಾಲು) ಆರಿಸಿ ಭೂಮಿಯ ಮಾಲೀಕತ್ವದ ವಿವರಕ್ಕೆ ಹೋಗಬಹುದು. ಉಪಗ್ರಹ ಚಿತ್ರದ ಮೇಲೆ ಸರ್ವೆ ನಂಬರಿನ ಗಡಿ ಗೆರೆ ಎಳೆದು ತೋರಿಸುವುದೇ ಇದರ ದೊಡ್ಡ ಉಪಕಾರ. "ಮುಂದಿನ ಓಪನ್" ಎಂದು ತೋರಿಸಿದ ಜಾಗದ ನಂಬರ್ ಒಂದು ನಿಮಿಷದಲ್ಲಿ ಕೈಗೆ ಸಿಗುತ್ತದೆ. ಅದು ಇನ್ನೊಬ್ಬ ರೈತರ ಖಾಸಗಿ ಹೊಲ ಎಂದು ಗೊತ್ತಾದರೆ ಏಜೆಂಟರ ಅರ್ಧ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಆದರೆ ಗೆರೆಯನ್ನು ಗೋಡೆಯಂತೆ ನಂಬಬಾರದು. ಗಡಿಗಳು ಹಳೆಯ ಗ್ರಾಮ ನಕ್ಷೆಗಳನ್ನು ಡಿಜಿಟಲ್ ಮಾಡಿ ಉಪಗ್ರಹ ಚಿತ್ರಕ್ಕೆ ಕೂಡಿಸಿದವು. 1:7920 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೆ ನೆಲದ ಮೇಲೆ ಸುಮಾರು 4 ಮೀಟರ್. ಅದರ ಮೇಲೆ ಕಾಗದ ಎಳೆದುಕೊಂಡದ್ದು, ಮಡಿಕೆ ಬಿದ್ದದ್ದು, ಫೋನಿನ ಜಿಪಿಎಸ್ ತಪ್ಪು. ತೆರೆದ ಬಯಲಲ್ಲಿ ಜಿಪಿಎಸ್ 5 ಮೀಟರ್ ಆಸುಪಾಸು ತೋರಿಸಿದರೆ ಕಟ್ಟಡಗಳ ನಡುವೆ ಇನ್ನೂ ದೂರ ಸರಿಯುತ್ತದೆ. ಗೆರೆ ಎಷ್ಟು ಸರಿದಿದೆ ಎಂದು ನೋಡಲು ದಶಕಗಳಿಂದ ಜಾಗ ಬದಲಿಸದ ಗುರುತುಗಳನ್ನು ಹಿಡಿಯಬೇಕು: ಗಾವಠಾಣದ (ಊರಿನ ಮನೆಗಳಿರುವ ಜಾಗದ) ಅಂಚು, ಹಳೆಯ ಬಾವಿ, ಎರಡು ಊರಿನ ಗಡಿ, ಹಳ್ಳದ ತಿರುವು. ನಾಲ್ಕೂ ಕಡೆ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿದ್ದರೆ ಇಡೀ ಹಾಳೆ ಜರುಗಿದೆ ಎಂದರ್ಥ. ಅಷ್ಟನ್ನು ಮನಸ್ಸಿನಲ್ಲೇ ಹಿಂದಕ್ಕೆ ತಳ್ಳಿ ಓದಬಹುದು. ಒಂದೊಂದು ಕಡೆ ಒಂದೊಂದು ರೀತಿ ಸರಿದಿದ್ದರೆ ಆ ಊರಿನ ಮಟ್ಟಿಗೆ ದಿಶಾಂಕ್ ಅನ್ನು ನಂಬರ್ ತಿಳಿಯಲು ಮಾತ್ರ ಬಳಸಿ, ಅಳತೆಗೆ ಬೇಡ. ಅಳತೆ ಜಗಳಕ್ಕೆ ಬಂದರೆ ಸರ್ವೆ ಇಲಾಖೆಯಿಂದ ಗಡಿ ಅಳೆಸಿ ಗುರುತಿಸುವ ಹದ್ದುಬಸ್ತು ಅರ್ಜಿಯೇ ದಾರಿ, ಆ್ಯಪ್ ಸ್ಕ್ರೀನ್‌ಶಾಟ್ ಅಲ್ಲ.

ಇನ್ನೆರಡು ಮಿತಿಗಳಿವೆ. ಗಡಿ ಸರ್ವೆ ನಂಬರ್ ಮಟ್ಟದ್ದು, ಹಿಸ್ಸಾ ಒಳಗಡಿ ಅದರಲ್ಲಿ ಕಾಣುವುದಿಲ್ಲ. ಸಿಟಿಎಸ್ (ಸಿಟಿ ಸರ್ವೆ) ನಂಬರ್ ಬಿದ್ದ ಹಳೇ ಬಡಾವಣೆಗಳಲ್ಲಿ ಇದರಿಂದ ಉಪಯೋಗ ಕಡಿಮೆ, ಅಲ್ಲಿ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ಬೇಕು.

ಉತಾರಕ್ಕೆ ಹೆಚ್ಚು ಅಂಕ ಕೊಟ್ಟಿದ್ದು ಅದರ ಒಂದೇ ಒಂದು ಕಾಲಂಗಾಗಿ. ಎಲ್ಲರೂ 9ನೇ ಕಾಲಂನ ಹೆಸರು, 11ನೇ ಕಾಲಂನ ಬೋಜಾ (ಸಾಲದ ಹೊರೆ) ನೋಡಿ ಮಡಚಿ ಇಡುತ್ತಾರೆ. ಬಯಲಿನ ವಿಷಯ ಇರುವುದು 3ನೇ ಕಾಲಂನಲ್ಲಿ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು 'ಅ', ಫೂಟ್ ಖರಾಬು 'ಬ', ಕೊನೆಗೆ ಉಳಿದದ್ದು ಎಂದಿರುತ್ತದೆ. 'ಅ' ಎಂದರೆ ಸಾಗುವಳಿಗೆ ಬಾರದ, ಆದರೆ ಹಿಡುವಳಿಯೊಳಗಿನ ಜಾಗ. 'ಬ' ಎಂದರೆ ಸಾರ್ವಜನಿಕ ಉದ್ದೇಶದ್ದು: ಹಳ್ಳ, ಕೆರೆ, ಬಂಡಿದಾರಿ, ಸ್ಮಶಾನ. ಇದು ಮಾರಾಟಕ್ಕೆ ಬರುವುದಿಲ್ಲ, ಬಿನ್‌ಶೇತ್ಕಿಗೂ (ಎನ್‌ಎ ಪರಿವರ್ತನೆಗೂ) ಬರಬಾರದು.

ಈ 'ಬ' ಖರಾಬು ಬಳಸಿ ಹಳ್ಳದ ದಾಖಲೆ ಅಗಲ ತೆಗೆಯಬಹುದು. ಉದಾಹರಣೆಗೆ ಉತಾರದಲ್ಲಿ ಒಟ್ಟು 4 ಎಕರೆ 20 ಗುಂಟೆ, 'ಬ' ಖರಾಬು 12 ಗುಂಟೆ, ಉಳಿದದ್ದು 4 ಎಕರೆ 8 ಗುಂಟೆ ಎಂದಿದೆ ಎನ್ನಿ. ಗುಂಟೆಗೆ 33 ಅಡಿ ಗುಣಿಸು 33 ಅಡಿ, ಅಂದರೆ 1089 ಚದರ ಅಡಿ, ಮೀಟರ್ ಲೆಕ್ಕದಲ್ಲಿ ಸುಮಾರು 101 ಚದರ ಮೀಟರ್. 12 ಗುಂಟೆಗೆ ಸುಮಾರು 1214 ಚದರ ಮೀಟರ್. ಆ ನಂಬರಿನೊಳಗೆ ಹಳ್ಳ 200 ಮೀಟರ್ ಉದ್ದ ಹರಿದಿದ್ದರೆ ಸರಾಸರಿ ಅಗಲ 6 ಮೀಟರ್ ಇರಬೇಕು. ಹೋಗಿ ನೋಡಿದರೆ 2 ಮೀಟರ್ ಚರಂಡಿ ಕಂಡರೆ ಉಳಿದ 4 ಮೀಟರ್ ಯಾರದೋ ಪ್ಲಾಟಿನೊಳಗೆ ಸೇರಿದೆ. ಆ ಖರಾಬಿನಲ್ಲಿ ದಾರಿಯೂ ಸೇರಿದ್ದರೆ ಲೆಕ್ಕ ಬದಲಾಗುತ್ತದೆ. ಹಳ್ಳ ಎಷ್ಟು, ದಾರಿ ಎಷ್ಟು ಎಂದು ಸರ್ವೆ ಇಲಾಖೆಯ ಟಿಪ್ಪಣಿ ನಕ್ಷೆ (ಮೂಲ ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣದ ಪಟ್ಟಿ) ನೋಡಿ ಬೇರ್ಪಡಿಸಬೇಕು.

ಗ್ರಾಮ ನಕ್ಷೆ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತದೆ, ಬಯಲಿನ ಪ್ರಶ್ನೆಗೆ ಇಷ್ಟು ಪ್ರಾಮಾಣಿಕ ಕಾಗದ ಇನ್ನೊಂದಿಲ್ಲ. ಲೇಔಟ್ ಬರುವ ಮೊದಲು ನೀರು ಎಲ್ಲಿ ಹರಿಯುತ್ತಿತ್ತು, ಬಂಡಿ ಎಲ್ಲಿ ಓಡಾಡುತ್ತಿತ್ತು ಎನ್ನುವುದು ಅದರಲ್ಲಿದೆ. ಯಳ್ಳೂರು, ವಡಗಾವಿ, ಶಹಾಪುರ ಕಡೆಯ ನಕ್ಷೆ ತೆಗೆದು ಬಳ್ಳಾರಿ ನಾಲಾದ ಬಾಗು ಬಳುಕು ನೋಡಿ, ಆಮೇಲೆ ಉಪಗ್ರಹ ಚಿತ್ರ ನೋಡಿ. ಮಳೆಗಾಲದಲ್ಲಿ ಆ ನಾಲಾ ಉಕ್ಕಿ ಭತ್ತದ ಹೊಲಗಳಿಗೆ ನುಗ್ಗುವ ಸುದ್ದಿ ಪ್ರತಿ ವರ್ಷ ಎನ್ನುವಷ್ಟು ಬರುತ್ತದೆ. ಹೊಲ ಎಂದರೆ ಪ್ರವಾಹದ ನೀರು ಎರಡು ದಿನ ನಿಲ್ಲಲು ಜಾಗ. ಅದೇ ಜಾಗಕ್ಕೆ ಮುರುಮು ತುಂಬಿ ಮೂರಡಿ ಎತ್ತರಿಸಿದರೆ ನೀರು ಮಾಯವಾಗುವುದಿಲ್ಲ, ಪಕ್ಕದ ಓಣಿಗೆ ಹೋಗುತ್ತದೆ. ಬೆಳಗಾವಿಯ ಮಳೆ ವಿಜಯಪುರದ ಮಳೆಗಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಹಾಗಾಗಿ ಇಲ್ಲಿ ಬಯಲು ಎಂಬುದು ಅಂದಕ್ಕಿಂತ ಮೊದಲು ನೀರಿನ ವಿಷಯ. ಜಾಗ ನೋಡಲು ಬೇಸಿಗೆಯಲ್ಲಿ ಹೋಗುವವರು ಜುಲೈ ತಿಂಗಳಲ್ಲಿ ಇನ್ನೊಮ್ಮೆ ಹೋಗುವುದು ಒಳ್ಳೆಯದು.

ಈಗ ಮಾಸ್ಟರ್ ಪ್ಲಾನ್. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿ ಬರುವ ಈ ನಕ್ಷೆಯಲ್ಲಿ ವಸತಿ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಸಾರ್ವಜನಿಕ ಬಳಕೆ ಕೆಂಪು, ಉದ್ಯಾನ ಮತ್ತು ಬಯಲು ಗಾಢ ಹಸಿರು, ಕೃಷಿ ತಿಳಿ ಹಸಿರು ಎಂಬ ರೂಢಿ ಇದೆ. ಸ್ಕ್ಯಾನ್ ಮಾಡಿದ ಹಾಳೆಯಲ್ಲಿ ಎರಡು ಹಸಿರಿನ ವ್ಯತ್ಯಾಸ ಕಾಣುವುದೇ ಕಷ್ಟ. ಸರ್ವೆ ನಂಬರ್‌ಗಳು ಬಣ್ಣದಡಿ ಮುಳುಗಿರುತ್ತವೆ. ಎರಡು ಅಂಕ ಬಂದದ್ದು ಇದಕ್ಕೇ. ಓದುವ ಉಪಾಯವೆಂದರೆ ದಿಶಾಂಕ್‌ನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ರಸ್ತೆ ಕೂಡುವ ಜಾಗ, ನಾಲಾ ತಿರುವು, ಗಾವಠಾಣ ಈ ಮೂರನ್ನು ಎರಡರಲ್ಲೂ ಗುರುತಿಸಿ ನಡುವಿನ ನಂಬರ್‌ಗಳನ್ನು ಎಣಿಸುತ್ತ ಹೋಗುವುದು. ಇಷ್ಟಾದ ಮೇಲೂ ಇದು ಊಹೆಯೇ. ಲಿಖಿತವಾಗಿ ಬೇಕೆಂದರೆ ಯೋಜನಾ ಪ್ರಾಧಿಕಾರದಿಂದ ಭೂ ಉಪಯೋಗದ ಪ್ರಮಾಣಪತ್ರ ತೆಗೆಸಬೇಕು. ಬೆಳಗಾವಿ ನಗರ ಮತ್ತು ಸುತ್ತಲಿನ ಯೋಜನಾ ಪ್ರದೇಶಕ್ಕೆ ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ), ವಿಜಯಪುರದಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ. ಅರ್ಜಿಯಲ್ಲಿ ನಿಮ್ಮ ಪ್ಲಾಟಿನ ನಂಬರ್ ಅಷ್ಟೇ ಅಲ್ಲ, ಸುತ್ತಲಿನ ನಾಲ್ಕೂ ದಿಕ್ಕಿನ ಸರ್ವೆ ನಂಬರ್ ಬರೆಯಿರಿ. ಒಂದೇ ನಂಬರ್ ಎರಡು ವಲಯದಲ್ಲಿ ಬಿದ್ದರೆ "ಭಾಗಶಃ ವಸತಿ, ಭಾಗಶಃ ಉದ್ಯಾನ" ಎಂಬ ಸಾಲು ಬರುತ್ತದೆ. ಯಾವ ಭಾಗ ಎಂದು ಗೆರೆ ಹಾಕಿದ ನಕ್ಷೆ ಜೊತೆಗೆ ಇಲ್ಲದಿದ್ದರೆ ಆ ಸಾಲಿನಿಂದ ಪ್ರಯೋಜನವಿಲ್ಲ.

ನಕ್ಷೆ ಓದಲು ಬಂದ ಮೇಲೆ ನಿಜವಾದ ವಿಷಯ ಶುರು. ಹಸಿರೆಲ್ಲ ಒಂದೇ ಅಲ್ಲ.

ತಿಳಿ ಹಸಿರು, ಅಂದರೆ ಕೃಷಿ ವಲಯ, ಬಯಲನ್ನು ಕಾಯುವ ವಲಯ ಎಂದು ತುಂಬ ಜನ ನಂಬಿದ್ದಾರೆ. ಅದು ಸರದಿಯಲ್ಲಿ ಕಾಯುತ್ತಿರುವ ವಲಯ. ಯೋಜನೆ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಗೆ ಬರುತ್ತದೆ, ಹಳದಿ ಹಿಗ್ಗಿದಾಗ ಮೊದಲು ಹೋಗುವುದು ನಗರಕ್ಕೆ ಹತ್ತಿದ ತಿಳಿ ಹಸಿರೇ. ಅಲ್ಲಿಯವರೆಗೂ ಕೃಷಿ ವಲಯದೊಳಗೆ ಏನೇನಕ್ಕೆ ಅವಕಾಶವಿದೆ ಎನ್ನುವುದನ್ನು ವಲಯ ನಿಯಮಾವಳಿಯ ಪಟ್ಟಿಯಲ್ಲಿ ಓದಬೇಕು. ಬರೀ ಬೆಳೆ ಎಂದು ತಿಳಿದವರಿಗೆ ಆ ಪಟ್ಟಿ ಅಚ್ಚರಿ ತರುತ್ತದೆ.

ಗಾಢ ಹಸಿರು ಕೇಳಲು ಗಟ್ಟಿ. ಆದರೆ ಅದು ಖಾಸಗಿ ಹೊಲದ ಮೇಲೆ ಬಳಿದ ಬಣ್ಣವಾಗಿದ್ದರೆ ಅದೇ ಯೋಜನಾ ಕಾಯ್ದೆಯ 69ನೇ ಕಲಂ ಓದಿ. ಯೋಜನೆ ಪ್ರಕಟವಾಗಿ ಐದು ವರ್ಷದೊಳಗೆ ಆ ಜಾಗವನ್ನು ಒಪ್ಪಂದದಿಂದ ಪಡೆಯದೆ, ಭೂಸ್ವಾಧೀನವನ್ನೂ ಆರಂಭಿಸದೆ ಬಿಟ್ಟರೆ ಉದ್ಯಾನವೆಂಬ ಗುರುತು ರದ್ದಾದಂತೆ. ರೈತನ ಕಡೆಯಿಂದ ನೋಡಿದರೆ ಇದು ನ್ಯಾಯವೇ: ದುಡ್ಡು ಕೊಡದೆ ಹೊಲವನ್ನು ನಕ್ಷೆಯಲ್ಲೇ ಕಟ್ಟಿಹಾಕುವುದು ಹೇಗೆ? ಪ್ರಾಧಿಕಾರದ ಬೊಕ್ಕಸದಲ್ಲಿ ಹಣವಿಲ್ಲದಿದ್ದಾಗ ಅಭಿವೃದ್ಧಿ ಹಕ್ಕಿನ ಪತ್ರ (ಬೇರೆಡೆ ಹೆಚ್ಚು ಕಟ್ಟಲು ಬಳಸುವ, ಮಾರಬಹುದಾದ ಹಕ್ಕು) ಕೊಟ್ಟು ಜಾಗ ಪಡೆಯಲು 14-ಬಿ ಕಲಂ ದಾರಿ ಇಟ್ಟಿದೆ. ಆದರೆ ಆ ಹಕ್ಕನ್ನು ಕೊಳ್ಳುವವರು ಇರುವ ಪೇಟೆಯಲ್ಲಿ ಮಾತ್ರ ಅದಕ್ಕೆ ಬೆಲೆ. ಕೊಳ್ಳುವವರಾಗಿ ನೀವು ನೋಡಬೇಕಾದದ್ದು ಯೋಜನೆ ಪ್ರಕಟವಾದ ತಾರೀಖು ಮತ್ತು ಆ ಹಸಿರಿನ ಉತಾರದಲ್ಲಿರುವ ಹೆಸರು. ಐದು ವರ್ಷ ಕಳೆದು ಹೆಸರು ಇನ್ನೂ ಖಾಸಗಿಯವರದೇ ಆಗಿದ್ದರೆ ಆ ಪಾರ್ಕ್ ನಕ್ಷೆಯಲ್ಲಷ್ಟೇ ಇದೆ.

ಗಾಯರಾಣ (ಗೋಮಾಳ) ಸರ್ಕಾರಿ ಜಾಗ, ಹಾಗಾಗಿ ಭದ್ರ ಎನ್ನಿಸುತ್ತದೆ. ಅದನ್ನು ಇಟ್ಟಿರುವುದು ದನಕ್ಕಾಗಿ, ಬಯಲಿಗಾಗಿ ಅಲ್ಲ. ಭೂಕಂದಾಯ ನಿಯಮಗಳ 97ನೇ ನಿಯಮದ ಲೆಕ್ಕ 100 ಜಾನುವಾರಿಗೆ 12 ಹೆಕ್ಟೇರ್. ಊರಲ್ಲಿ ದನ ಕಡಿಮೆಯಾದಂತೆ "ಹೆಚ್ಚುವರಿ" ಗಾಯರಾಣ ಎಂಬ ಮಾತು ಹುಟ್ಟುತ್ತದೆ. ನಗರದ ಅಂಚಿನ ಊರುಗಳಲ್ಲಿ ದನ ಕಡಿಮೆ, ಬೇಡಿಕೆ ಜಾಸ್ತಿ, ಅಂದರೆ ಬಯಲು ಎಲ್ಲಿ ಹೆಚ್ಚು ಬೇಕೋ ಅಲ್ಲೇ ಈ ನಿಯಮ ಸಡಿಲ. ಊರಿನ ಸಮುದಾಯ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಒತ್ತುವರಿ ವಿರುದ್ಧದ ಅರ್ಜಿಗೆ ಒಳ್ಳೆಯ ಆಧಾರ.

ಎಲ್ಲಕ್ಕಿಂತ ಗಟ್ಟಿ ಯಾವುದು ಎಂದರೆ 'ಬ' ಖರಾಬು, ಕೆರೆ ಅಂಗಳ, ಮತ್ತು ಅನುಮೋದಿತ ಲೇಔಟ್‌ನಲ್ಲಿ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಟ್ಟ ಪಾರ್ಕ್. ಬೆಂಗಳೂರಿನ ಒಂದು ಪಾರ್ಕ್ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ರದ್ದು ಮಾಡಿದ ಬೆಂಗಳೂರು ಮೆಡಿಕಲ್ ಟ್ರಸ್ಟ್ ತೀರ್ಪು ಇಂದಿಗೂ ಇಂಥ ಜಗಳಗಳಿಗೆ ಬೆನ್ನೆಲುಬು. ರಾಜ್ಯದಲ್ಲಿ ಪಾರ್ಕ್, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ಕಾಯ್ದೆಯೂ ಇದೆ.

ಲೇಔಟ್ ಪಾರ್ಕ್ ಪರೀಕ್ಷಿಸುವ ಕ್ರಮ ಇದು. ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಕೇಳಿ, ಬ್ರೋಷರ್ ಬೇಡ. ಪಾರ್ಕಿನ ನಾಲ್ಕೂ ಬದಿಯ ಅಳತೆ ಬರೆದುಕೊಂಡು ಟೇಪ್ ಹಿಡಿದು ಹೋಗಿ. ಖಾಸಗಿ ಲೇಔಟ್‌ಗೆ ಎಷ್ಟು ಶೇಕಡಾ ಎಂಬುದು ಆಯಾ ವಲಯ ನಿಯಮಾವಳಿಯಲ್ಲಿದೆ. ಶೇ 10 ಎಂದು ಹಿಡಿದರೆ ಒಂದು ಎಕರೆಗೆ 4 ಗುಂಟೆ, 4356 ಚದರ ಅಡಿ. ನಂತರ ಕಾವೇರಿ 2.0 ಪೋರ್ಟಲ್‌ನಲ್ಲಿ ಆ ಸರ್ವೆ ನಂಬರಿನ ಋಣಭಾರ ಪತ್ರ ತೆಗೆದು ರಸ್ತೆ ಮತ್ತು ಪಾರ್ಕ್ ಜಾಗದ ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿದೆಯೇ ನೋಡಿ. ಅದಾಗದಿದ್ದರೆ ಪಾರ್ಕ್ ಇನ್ನೂ ಲೇಔಟ್ ಮಾಡಿದವರ ಹೆಸರಲ್ಲೇ ಕೂತಿದೆ, ಮುಂದೊಂದು ದಿನ ಅದರಲ್ಲಿ ಎರಡು ಪ್ಲಾಟ್ ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ. ಪಾರ್ಕ್ ಎಲ್ಲಿ ಕೊಟ್ಟಿದ್ದಾರೆ ಎನ್ನುವುದೂ ಮುಖ್ಯ. ನಾಲಾ ಪಕ್ಕ ಹೇಗೂ ಖಾಲಿ ಬಿಡಲೇಬೇಕಾದ ಅಂಚನ್ನೇ ಪಾರ್ಕ್ ಲೆಕ್ಕಕ್ಕೆ ಸೇರಿಸಿದ್ದರೆ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಯನ್ನು ತೋರಿಸಿದ್ದರೆ, ಒಂದೇ ಜಾಗ ಎರಡು ಲೆಕ್ಕಕ್ಕೆ ಜಮೆಯಾಗಿದೆ. ಆ ಅಂಚಿನ ಅಳತೆಗೂ ಇಲ್ಲಿನ ನಿಯಮಾವಳಿಯನ್ನೇ ನೋಡಿ. ಕೆರೆಗೆ 30 ಮೀಟರ್, ದೊಡ್ಡ ಕಾಲುವೆಗೆ 50 ಮೀಟರ್ ಎಂದು ಓಡಾಡುವ ಅಂಕಿಗಳು ಬೆಂಗಳೂರಿನ ಯೋಜನೆಯವು.

ಗುಂಟೆ ಲೆಕ್ಕದಲ್ಲಿ ಬಾಂಡ್ ಪೇಪರ್ ಮೇಲೆ ಮಾರುವ ಪ್ಲಾಟುಗಳ ವಿಷಯ ಹೆಚ್ಚು ಹೇಳಬೇಕಿಲ್ಲ: ಅಲ್ಲಿ ಪಾರ್ಕ್ ಸೊನ್ನೆ. ಬಿನ್‌ಶೇತ್ಕಿ ಆದೇಶ ಬೇರೆ, ಯೋಜನಾ ಕಾಯ್ದೆಯ 17ನೇ ಕಲಂ ಅಡಿಯ ಲೇಔಟ್ ಅನುಮೋದನೆ ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಬಯಲಿಗೆ ಜಾಗ ಬಿಟ್ಟ ನಕ್ಷೆಯೇ ಇರುವುದಿಲ್ಲ. ಪಂಚಾಯಿತಿ ಹದ್ದಿನಲ್ಲಿ ಇ-ಸ್ವತ್ತಿನ 11-ಬಿ ನಮೂನೆ, ಪಟ್ಟಣದಲ್ಲಿ ಬಿ-ಖಾತೆ ತೆರಿಗೆಯ ದಾಖಲೆ, ಅನುಮೋದನೆ ಅಲ್ಲ.

ಹಸಿರು ಹೋಗುವುದು ಸಾಮಾನ್ಯವಾಗಿ ಸದ್ದಿಲ್ಲದೆ, ಯೋಜನಾ ಕಾಯ್ದೆಯ 14-ಎ ಕಲಂ ಮೂಲಕ. ಭೂ ಉಪಯೋಗ ಬದಲಾವಣೆಗೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಪ್ರಕಟಣೆ ಮುಖಪುಟದಲ್ಲಿ ಬೆರಳಗಲದ ಅಕ್ಷರದಲ್ಲಿ ಬರುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಓಣಿಯಲ್ಲಿ ಒಬ್ಬರಾದರೂ ಸ್ಥಳೀಯ ಆವೃತ್ತಿಯ ಪ್ರಕಟಣೆಗಳನ್ನು ಓದುವ ಜವಾಬ್ದಾರಿ ಹೊತ್ತರೆ ಒಳ್ಳೆಯದು. ಆಕ್ಷೇಪಣೆಯಲ್ಲಿ "ಹಸಿರು ಬೇಕು" ಎಂಬ ಭಾವನೆಗೆ ತೂಕವಿಲ್ಲ. ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಬೇರೆ ಕಾನೂನಿಗೆ ವಿರುದ್ಧ ಇರಬಾರದು ಎಂಬ ಕಾಯ್ದೆಯ ಎರಡು ಷರತ್ತಿಗೆ ನೇರವಾಗಿ ಬರೆಯಬೇಕು. 'ಬ' ಖರಾಬು ತೋರಿಸುವ ಉತಾರ, ಗ್ರಾಮ ನಕ್ಷೆಯ ಆ ಭಾಗ, ನೀರು ನಿಂತ ತಾರೀಖು ಕಾಣುವ ಫೋಟೋ ಲಗತ್ತಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇಡೀ ಮಾಸ್ಟರ್ ಪ್ಲಾನ್ ಪರಿಷ್ಕರಣೆಗೆ ಬಂದಾಗ ಸಿಗುವ ಅವಧಿ 60 ದಿನ. ಆಗ ಸಭೆಗೆ ಜನ ಬರುವುದು ಹೆಚ್ಚಾಗಿ ರಸ್ತೆ ಅಗಲೀಕರಣಕ್ಕೆ, ನಾಲಾ ಅಂಚಿನ ಬಣ್ಣ ನೋಡಲು ಅಲ್ಲ.

ವಿಜಯಪುರದ ಓದುಗರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಗೋಲ ಗುಮ್ಮಟದಂಥ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಊರೊಳಗೆ ಬಯಲು ಉಳಿದಿದ್ದರೆ ಅದರಲ್ಲಿ ಮಾಸ್ಟರ್ ಪ್ಲಾನ್‌ಗಿಂತ ಈ ಕೇಂದ್ರ ಕಾಯ್ದೆಯ ಪಾಲು ದೊಡ್ಡದು. ಬಾಗಲಕೋಟೆಯ ನವನಗರ ಮುಳುಗಡೆಯ ನಂತರ ಯೋಜನೆ ಹಾಕಿಯೇ ಕಟ್ಟಿದ ಊರು, ಅಲ್ಲಿ ಸೆಕ್ಟರ್ ನಕ್ಷೆಯೇ ಮೂಲ ದಾಖಲೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಎತ್ತರದ್ದು: ಆಲಮಟ್ಟಿ ಅಣೆಕಟ್ಟಿನ ಈಗಿನ ನೀರಿನ ಮಟ್ಟ 519.60 ಮೀಟರ್, ಕೃಷ್ಣಾ ಜಲ ವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256 ಮೀಟರ್. ಹಿನ್ನೀರಿನ ಕಡೆ ಕಾಣುವ ಚಂದದ ಬಯಲು ಈ ಎರಡು ಅಂಕಿಗಳ ನಡುವೆ ಇದ್ದರೆ ಅದು ಬಯಲಾಗಿ ಉಳಿಯುವ ಕಾರಣವೇ ಬೇರೆ. ಉಪಗ್ರಹ ಚಿತ್ರ ಎತ್ತರ ಹೇಳುವುದಿಲ್ಲ.

ಈ ಸೌಲಭ್ಯಗಳೆಲ್ಲದರ ದೊಡ್ಡ ಕೊರತೆ ಆ್ಯಪ್‌ನದಲ್ಲ, ಗಡಿಯದು. ಮಾಸ್ಟರ್ ಪ್ಲಾನ್ ಸ್ಥಳೀಯ ಯೋಜನಾ ಪ್ರದೇಶದ ಗೆರೆಗೆ ನಿಲ್ಲುತ್ತದೆ, ನಾಲಾ ನಿಲ್ಲುವುದಿಲ್ಲ. ಗೆರೆಯಾಚೆಯ ಊರುಗಳಲ್ಲಿ ಒಂದೊಂದು ನಂಬರಿಗೆ ಒಂದೊಂದು ಬಿನ್‌ಶೇತ್ಕಿ ಆದೇಶ ಬೀಳುತ್ತ ಹೋಗುತ್ತದೆ, ಒಟ್ಟು ಸೇರಿ ಏನಾಗುತ್ತದೆ ಎಂದು ನೋಡುವ ನಕ್ಷೆ ಯಾರ ಮೇಜಿನ ಮೇಲೂ ಇಲ್ಲ. ಬೆಂಗಳೂರು ಪ್ರದೇಶಕ್ಕೆ 1985ರ ಕಾಯ್ದೆಯಡಿ ಪ್ರಾದೇಶಿಕ ಪ್ರಾಧಿಕಾರವಿದೆ, ನಮ್ಮ ಭಾಗಕ್ಕೆ ಅಂಥದ್ದಿಲ್ಲ. ಸಂವಿಧಾನದ 243-ಝಡ್‌ಡಿ ವಿಧಿ ಜಿಲ್ಲಾ ಯೋಜನಾ ಸಮಿತಿಗೆ ಪಂಚಾಯಿತಿ ಮತ್ತು ನಗರಗಳ ನಡುವಿನ ಭೂ ಯೋಜನೆ, ನೀರು ಹಂಚಿಕೆ, ಪರಿಸರ ಸಂರಕ್ಷಣೆಯನ್ನು ಗಮನದಲ್ಲಿಟ್ಟುಕೊಳ್ಳಲು ಹೇಳಿದೆ. ಕಾನೂನಿನ ಬಾಗಿಲು ತೆರೆದೇ ಇದೆ. ಅಮೆರಿಕದ ಒರೆಗಾನ್ ರಾಜ್ಯ 1973ರಲ್ಲೇ ಪ್ರತಿ ನಗರಕ್ಕೂ ಬೆಳವಣಿಗೆಯ ಗಡಿ ಹಾಕಿ ಅದರಾಚೆಯ ಹೊಲಗಳನ್ನು ಹೊಲವಾಗಿ ಇಡುವ ಕಾಯ್ದೆ ಮಾಡಿತು. ಅಲ್ಲಿಯೂ ಗಡಿ ಆಗಾಗ ಹಿಗ್ಗುತ್ತದೆ, ಆದರೆ ಯಾಕೆ ಹಿಗ್ಗಬೇಕು ಎಂದು ಲೆಕ್ಕ ಕೊಡಬೇಕು. ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಎನ್ನುತ್ತದೆ. ನಿಮ್ಮ ಬಡಾವಣೆಯ ಪಾರ್ಕುಗಳ ಗುಂಟೆಯನ್ನು ಜನಸಂಖ್ಯೆಯಿಂದ ಭಾಗಿಸಿ ನೋಡಿದರೆ ಎಲ್ಲಿದ್ದೇವೆ ಎಂದು ತಿಳಿಯುತ್ತದೆ.

ಆನ್‌ಲೈನ್‌ನಲ್ಲಿ ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ಗತಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. "ಎಲ್ಲ ಪಾರ್ಕ್ ಮಾಹಿತಿ ಕೊಡಿ" ಎಂದು ಬರೆದರೆ ವಾಪಸ್ ಬರುತ್ತದೆ. ಇಂಥ ಊರಿನ ಇಂಥ ಸರ್ವೆ ನಂಬರಿನ ಲೇಔಟ್ ಅನುಮೋದನೆಯ ನಕ್ಷೆ, ಪಾರ್ಕ್ ಜಾಗ ಬಿಟ್ಟುಕೊಟ್ಟ ಪತ್ರದ ಪ್ರತಿ, ಅದನ್ನು ವಶಕ್ಕೆ ಪಡೆದ ದಿನಾಂಕ ಎಂದು ಮೂರೇ ಸಾಲು ಬರೆಯಿರಿ. ಮುಂಗಡ ಕೊಡುವ ಮೊದಲೇ ಹಾಕಿ, ಕೊಟ್ಟ ಮೇಲಲ್ಲ.